ಟ್ರೇಲರ್ ಪ್ಲಗ್: ಮೂರನೇ ಅಂಗಡಿಯಲ್ಲಿ ಸಿಕ್ತು

ಟ್ರ್ಯಾಕ್ಟರಿನ ಟ್ರೇಲರಿಗೆ ಮೆಕ್ಕೆಜೋಳ ಹೇರ್ಕೊಂಡು ರಾತ್ರಿ ದಾವಣಗೆರೆ ಎಪಿಎಂಸಿಗೆ ಹೊರಟಿದ್ದೆ. ಹಿಂದಿದ್ದ ಬೈಕಿನವನು ಪಕ್ಕಕ್ಕೆ ಬಂದು, "ಅಣ್ಣಾ, ನೀವು ಬ್ರೇಕ್ ಹಿಡಿದ್ರೆ ಟ್ರೇಲರ್‌ದು ಇಂಡಿಕೇಟರ್ ಮಿಣುಕ್ತದೆ!" ಅಂದ.

ಟ್ರ್ಯಾಕ್ಟರಿನಿಂದ ಟ್ರೇಲರಿನ ದೀಪಗಳಿಗೆ ಕರೆಂಟು ಕೊಡೋ ಪ್ಲಗ್ ಕೆಟ್ಟಿರಬೇಕು ಅಂತ ಹೊಸದು ಹುಡುಕಿ ಹೊರಟೆ. ಮೊದಲು ಹೋದ ಅಂಗಡಿಯಲ್ಲಿ ಲಾರಿಗೆ ಹಾಕೋ 24 ವೋಲ್ಟಿನ ಪ್ಲಗ್ ಕೊಟ್ಟು ಕಳಿಸಿದ್ರು. ಅದಕ್ಕೂ 7 ಪಿನ್ನೇ, ಆದರೆ ನನ್ನ ಟ್ರ್ಯಾಕ್ಟರಿನ 12 ವೋಲ್ಟಿನ ಸಾಕೆಟ್ಟಿಗೆ ಕೂರಲೇ ಇಲ್ಲ. ಇನ್ನೊಬ್ಬರು ಅಡಾಪ್ಟರ್ ಹಾಕಿ ಅಂದ್ರು. ಅಡಾಪ್ಟರ್ ಪಿನ್ ಹೊಂದಿಸ್ತದೆ, ವೋಲ್ಟೇಜ್ ಇಳಿಸ್ತದಾ?

ಪಿ.ಬಿ. ರಸ್ತೆಯ ಚಿಕ್ಕ ಬಿಡಿಭಾಗದ ಅಂಗಡಿಯವರು ಮಾತ್ರ ಹಳೇ ಪ್ಲಗ್ ಬಿಚ್ಚಿ ನೋಡಿದ್ರು. 3ನೇ ಪಿನ್ನು ಅರ್ಥ್, ಅಂದ್ರೆ ಕರೆಂಟು ವಾಪಸ್ ಹೋಗೋ ದಾರಿ, ಬಿಳಿ ವೈರ್. ಅದರ ಸ್ಕ್ರೂ ಸಡಿಲ, ಮೇಲೆ ಹಸಿರು ತುಕ್ಕು. ಅರ್ಥ್ ಸಿಗದೆ ಬ್ರೇಕಿನ ಕರೆಂಟು ಬೇರೆ ಬಲ್ಬಿನ ದಾರಿ ಹಿಡೀತಿತ್ತಂತೆ. ಟ್ರೇಲರಿನದು ಕಬ್ಬಿಣದ ತೊಟ್ಟಿ, ಕೇಳಬೇಕೇ, ಎಲ್ಲಾ ಬಲ್ಬಿಗೂ ಅದೇ ಅರ್ಥ್. ಹೊಸ ಲೋಹದ ಪ್ಲಗ್ ಹಾಕಿ, 1 ಎಡ ಇಂಡಿಕೇಟರ್, 4 ಬಲ, 6 ಬ್ರೇಕ್ ಅಂತ ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದೇ ತೋರಿಸಿದ್ರು.

ಪ್ಲಗ್ ಗಟ್ಟಿ. ಜೊತೆಗೆ ಕೊಟ್ಟ ಸಾಕೆಟ್ಟಿನ ಮುಚ್ಚಳದ ಸ್ಪ್ರಿಂಗ್ ಮಾತ್ರ ಮೆತ್ತಗೆ, ಗದ್ದೆ ಕೆಸರು ಒಳಗೆ ಹೋಗ್ತದೆ. ನಾನು ಸೈಕಲ್ ಟ್ಯೂಬ್ ಕತ್ತರಿಸಿ ಕಟ್ಟಿದೀನಿ.