ಬ್ಯಾಂಡೇಜ್, ಬಿಗಿ ಕಾಲುಚೀಲ, ವೆಲ್ಕ್ರೊ ಪಟ್ಟಿ: ನಡೆಯುವ ಕಾಲಿಗೆ ಯಾವುದು ಸರಿ?

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲಿನ ಅಭಿಧಮನಿಗಳ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳ) ಕವಾಟ ಸೋತಿದೆ, ವಯಸ್ಸು ಅರವತ್ತೈದು ದಾಟಿದೆ, ಬೆಳಿಗ್ಗೆ ತೊಡುವುದಕ್ಕೂ ರಾತ್ರಿ ಬಿಚ್ಚುವುದಕ್ಕೂ ತಮ್ಮ ಕೈಗಳೇ ಗತಿ ಎನ್ನುವವರಿಗೆ ಮೊಣಕಾಲಿನ ಕೆಳಗೆ ನಿಲ್ಲುವ, ಬೆರಳು ತೆರೆದಿರುವ ಬಿಗಿ ಕಾಲುಚೀಲವೇ ಮೊದಲ ಆಯ್ಕೆ. ಕೈಬೆರಳುಗಳ ಗೆಣ್ಣು ಹಿಡಿದುಕೊಂಡಿದ್ದರೆ ವೆಲ್ಕ್ರೊ ಪಟ್ಟಿ. ಕ್ರೇಪ್ ಬ್ಯಾಂಡೇಜ್ ಪಳಗಿದ ಕೈ ಮನೆಯಲ್ಲಿದ್ದರೆ ಮಾತ್ರ. ತೊಡೆಯವರೆಗೆ ಬರುವ ಚೀಲವನ್ನು ವೈದ್ಯರು ನಿರ್ದಿಷ್ಟ ಕಾರಣ ಹೇಳಿ ಬರೆದುಕೊಡದ ಹೊರತು ಕೊಳ್ಳಬೇಡಿ. ಈ ನಾಲ್ಕನ್ನೂ ಮೈಸೂರಿನ ಸರಸ್ವತಿಪುರದ ಮನೆಯಲ್ಲಿ ತೊಟ್ಟು, ಅಡುಗೆ ಮಾಡಿ, ಮೆಟ್ಟಿಲು ಹತ್ತಿ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ನೋಡಿದ್ದೇನೆ.

ಪ್ರೌಢಶಾಲೆಯಲ್ಲಿ ಜೀವಮಾನವಿಡೀ ನಿಂತೇ ಪಾಠ ಮಾಡಿದವಳು ನಾನು. ನಿವೃತ್ತಿಯ ಹೊತ್ತಿಗೆ ಎಡಗಾಲಿನ ಮೀನಖಂಡದ ಹಿಂದೆ ನೀಲಿ ಗಂಟುಗಳು ಎದ್ದಿದ್ದವು. ಆಮೇಲೆ ಹರಡಿನ ಒಳಬದಿಯ ಚರ್ಮ ಕಂದುಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಸಂಜೆಯಾದರೆ ಕೆರೆಯುವುದಕ್ಕೆ ಶುರುವಾಯಿತು. ‘ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದವರೇ ಹೆಚ್ಚು. ಆದರೆ ಚರ್ಮದ ಬಣ್ಣ ಬದಲಾದರೆ ಕಾಯಿಲೆ ಉಬ್ಬಿದ ನರದ ಹಂತವನ್ನು ದಾಟಿದೆ ಎಂದೇ ಲೆಕ್ಕ. ಅಲ್ಲಿಂದ ಮುಂದಿನ ಹೆಜ್ಜೆ ವಾಸಿಯಾಗದ ಹುಣ್ಣು. ನಾಳಗಳಲ್ಲಿ ರಕ್ತ ಹರಿಯುವ ಬಗೆಯನ್ನು ಶಬ್ದತರಂಗಗಳಿಂದ ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ನನ್ನ ಆಳದ ಅಭಿಧಮನಿಗಳ ಕವಾಟಗಳೇ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ ಎಂದು ತಿಳಿಯಿತು. ಮೇಲ್ಪದರದ ನಾಳಗಳ ತೊಂದರೆಗೆ, ಕೆಟ್ಟ ನಾಳವನ್ನು ಮುಚ್ಚಿಬಿಡುವ ಲೇಸರ್ ಚಿಕಿತ್ಸೆ ಇದೆ. ಆಳದ್ದಕ್ಕೆ ಹೊರಗಿನಿಂದ ಒತ್ತಡ ಕೊಡುವುದು ಮತ್ತು ನಡೆಯುವುದೇ ಮುಖ್ಯ ದಾರಿ.

ಒತ್ತಡ ಏಕೆ ಬೇಕು ಎಂಬುದನ್ನು ವೈದ್ಯರು ಅಂಕಿಗಳಲ್ಲಿ ವಿವರಿಸಿದಾಗ ನನಗೆ ವಿಷಯ ತಲೆಗೆ ಹೋಯಿತು. ಅಲುಗಾಡದೆ ನಿಂತಾಗ ಯಾರದೇ ಆಗಲಿ, ಹರಡಿನ ಬಳಿಯ ಅಭಿಧಮನಿಯಲ್ಲಿ ಸುಮಾರು 80ರಿಂದ 90 ಮಿಲಿಮೀಟರ್ ಪಾದರಸದಷ್ಟು ಒತ್ತಡವಿರುತ್ತದೆ. ನಡೆಯತೊಡಗಿದರೆ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಕವಾಟ ಅದನ್ನು ಹಿಂದಕ್ಕೆ ಬಿಡುವುದಿಲ್ಲ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಸೋತವರಲ್ಲಿ ನಡೆದರೂ ಅಷ್ಟು ಇಳಿಯುವುದಿಲ್ಲ. ಹೊರಗಿನಿಂದ ಬಿಗಿಯಾದ ಹೊದಿಕೆ ಇದ್ದರೆ ಹಿಗ್ಗಿದ ನಾಳ ಕಿರಿದಾಗುತ್ತದೆ, ಸ್ನಾಯುವಿಗೂ ಒತ್ತಿ ತಳ್ಳಲು ಒಂದು ಆಸರೆ ಸಿಗುತ್ತದೆ.

ಇಲ್ಲೊಂದು ಎಚ್ಚರಿಕೆ. ಬಿಗಿಯಾದುದನ್ನು ಏನನ್ನೇ ತೊಡುವ ಮೊದಲು ಅಪಧಮನಿಯ, ಅಂದರೆ ಹೃದಯದಿಂದ ಕಾಲಿಗೆ ರಕ್ತ ತರುವ ನಾಳದ, ಪರೀಕ್ಷೆ ಆಗಲೇಬೇಕು. ಕಾಲಿನ ಮತ್ತು ತೋಳಿನ ರಕ್ತದೊತ್ತಡವನ್ನು ಹೋಲಿಸಿ ನೋಡುವ ಸರಳ ಪರೀಕ್ಷೆ ಅದು. ಪಾದಕ್ಕೆ ಇಳಿಯುವ ರಕ್ತವೇ ಕಡಿಮೆ ಇರುವವರು ಬಿಗಿ ಚೀಲ ತೊಟ್ಟರೆ ಬೆರಳುಗಳಿಗೇ ಸಂಚಕಾರ. ಸಕ್ಕರೆ ಕಾಯಿಲೆಯವರಲ್ಲಿ ಅಪಧಮನಿಯ ಗೋಡೆ ಗಡುಸಾಗಿ ಈ ಪರೀಕ್ಷೆಯ ಅಂಕಿ ಸುಳ್ಳೇ ಚೆನ್ನಾಗಿ ಕಾಣಬಹುದು. ಅಂಥವರು ಅದನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು.

ಕ್ರೇಪ್ ಬ್ಯಾಂಡೇಜ್ ಎಲ್ಲ ಮೆಡಿಕಲ್ ಅಂಗಡಿಗಳಲ್ಲೂ ಸಿಗುತ್ತದೆ, ಅಗ್ಗ, ಅಳತೆಯ ತಾಪತ್ರಯವಿಲ್ಲ. ನಮ್ಮಲ್ಲಿ ಬಹುತೇಕರು ಅದರಿಂದಲೇ ಶುರು ಮಾಡುವುದು ಅದಕ್ಕೇ. ಬೆರಳುಗಳ ಬುಡದಿಂದ ಆರಂಭಿಸಿ, ಹಿಮ್ಮಡಿಯನ್ನು ಬಿಡದೆ, ಪ್ರತಿ ಸುತ್ತೂ ಹಿಂದಿನದರ ಅರ್ಧವನ್ನು ಮುಚ್ಚುವಂತೆ ಮೊಣಕಾಲಿನ ಕೆಳಗಿನವರೆಗೆ ಸುತ್ತಬೇಕು. ಕೆಳಗೆ ಬಿಗಿ, ಮೇಲೆ ಹೋದಂತೆ ಸಡಿಲ. ಆಸ್ಪತ್ರೆಯ ನರ್ಸ್ ಸುತ್ತಿದ್ದು ಸಂಜೆಯವರೆಗೆ ಕದಲಲಿಲ್ಲ. ಮನೆಯಲ್ಲಿ ನಾನು ಬೆನ್ನು ಬಗ್ಗಿಸಿ ಸುತ್ತಿಕೊಂಡದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಹರಡಿನ ಮೇಲೆ ಸುರುಳಿಯಾಗಿ ಇಳಿದಿರುತ್ತಿತ್ತು. ಸುರುಳಿ ನಿಂತ ಜಾಗದಲ್ಲಿ ಹಗ್ಗ ಬಿಗಿದಷ್ಟು ಒತ್ತಡ, ಅದರ ಕೆಳಗೆ ಪಾದ ಊದುವುದು. ಒತ್ತಡ ಎಷ್ಟು ಬೀಳುತ್ತಿದೆ ಎಂಬುದು ಸುತ್ತುವ ಕೈಗೂ ಗೊತ್ತಾಗುವುದಿಲ್ಲ. ಹುಣ್ಣಾದವರಿಗೆ ತಜ್ಞರು ಹಲವು ಪದರ ಸುತ್ತುವ ಬ್ಯಾಂಡೇಜ್ ಬೇರೆಯದೇ. ಅದರ ಉಪಯೋಗದ ಬಗ್ಗೆ ನನ್ನ ತಕರಾರಿಲ್ಲ.

ಬಿಗಿ ಕಾಲುಚೀಲದ ವಿಷಯಕ್ಕೆ ಬಂದರೆ ಪೆಟ್ಟಿಗೆಯ ಮೇಲಿನ ‘ಕ್ಲಾಸ್ 2’ ಎಂಬುದನ್ನು ನಂಬಿ ಕೊಳ್ಳಬೇಡಿ. ಜರ್ಮನಿಯ ಮಾನದಂಡದಲ್ಲಿ ಎರಡನೆಯ ದರ್ಜೆ ಎಂದರೆ 23ರಿಂದ 32 ಮಿಲಿಮೀಟರ್ ಪಾದರಸ. ಬ್ರಿಟನ್ನಿನದರಲ್ಲಿ 18ರಿಂದ 24. ದರ್ಜೆ ಒಂದೇ, ಬಿಗಿ ಬೇರೆ. ಅಂಗಡಿಯ ಹುಡುಗ ಎರಡು ಪೆಟ್ಟಿಗೆ ಮುಂದಿಟ್ಟು, “ಎರಡೂ ಒಂದೇ ಅಮ್ಮ, ಇದು ಸ್ವಲ್ಪ ಕಡಿಮೆ ಬೆಲೆ, ಇದನ್ನೇ ತೆಗೆದುಕೊಳ್ಳಿ” ಎಂದ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿದ್ದ ಅಂಕಿಗಳನ್ನು ಓದಿ ತೋರಿಸಿದ ಮೇಲೆ ಅವನೂ ಕನ್ನಡಕ ಹಾಕಿಕೊಂಡು ನೋಡಿದ. ವೈದ್ಯರಿಂದ ಅಂಕಿಯನ್ನೇ ಬರೆಸಿಕೊಳ್ಳಿ. ಅಳತೆಯನ್ನು ಬೆಳಿಗ್ಗೆ, ಬಾವು ಏರುವ ಮೊದಲು ತೆಗೆಯಬೇಕು: ಹರಡಿನ ಅತಿ ಸಣ್ಣ ಭಾಗದ ಸುತ್ತಳತೆ, ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆ, ನೆಲದಿಂದ ಮೊಣಕಾಲಿನ ಮಡಿಕೆಯವರೆಗಿನ ಎತ್ತರ. ಪಾದರಕ್ಷೆಯ ನಂಬರು ಹೇಳಿ ಕೊಂಡ ಚೀಲ ಕಾಲಿಗೆ ಕೂರುವುದಿಲ್ಲ.

ಬೆರಳು ಮುಚ್ಚಿದ ಚೀಲ ನೋಡಲು ಚೆನ್ನ. ಆದರೆ ನಮ್ಮ ಹೆಂಗಸರ ಕಾಲಿಗೆ ಅದು ಹೇಳಿಸಿದ್ದಲ್ಲ. ಕಾಲುಂಗುರದ ಅಂಚಿಗೆ ಸಿಕ್ಕಿ ನೂಲು ಕಿತ್ತು ಬರುತ್ತದೆ, ಹೆಬ್ಬೆರಳಿನ ಉಂಗುಷ್ಠವಿರುವ ಚಪ್ಪಲಿ ಮೆಟ್ಟಲು ಆಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಮನೆಯ ನೆಲ. ನಮ್ಮದು ನುಣುಪಾದ ಗ್ರಾನೈಟ್; ಮುಚ್ಚಿದ ಚೀಲದಲ್ಲಿ ಬಚ್ಚಲಿನ ಹೊಸ್ತಿಲು ದಾಟುವಾಗ ಕಾಲು ಸರ್ರನೆ ಜಾರುತ್ತದೆ. ಬಾವು ಇಳಿಸಲು ಹೋಗಿ ಸೊಂಟದ ಮೂಳೆ ಮುರಿದುಕೊಳ್ಳುವ ವಯಸ್ಸು ಇದು. ಬೆರಳು ತೆರೆದಿದ್ದರೆ ನೆಲ ಕಾಲಿಗೆ ತಿಳಿಯುತ್ತದೆ. ಆದರೂ ಮನೆಯೊಳಗೆ ಹಿಡಿತವಿರುವ ರಬ್ಬರ್ ಅಡಿಯ ಚಪ್ಪಲಿಯನ್ನೇ ಹಾಕಿಕೊಳ್ಳುತ್ತೇನೆ.

ತೊಡುವುದಕ್ಕೊಂದು ವಿಧಾನವಿದೆ. ಹಾಸಿಗೆಯಿಂದ ಏಳುವ ಮೊದಲೇ, ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು, ಚೀಲವನ್ನು ಹಿಮ್ಮಡಿಯವರೆಗೆ ಒಳಮಗ್ಗುಲು ಹೊರಗೆ ತಿರುಗಿಸಬೇಕು. ಪಾದದ ಮೇಲೆ ಜಾರುವಂಥ ತೆಳು ಬಟ್ಟೆಯ ಚೀಲವೊಂದನ್ನು ಹಾಕಿ, ಅದರ ಮೇಲೆ ಇದನ್ನು ಏರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಉಳಿದದ್ದನ್ನು ಅಂಗೈಯಿಂದ ಸವರಿ ಸವರಿ ಮೇಲಕ್ಕೆ ತರಬೇಕು. ಕಡೆಗೆ ಒಳಗಿನ ಬಟ್ಟೆಯನ್ನು ಬೆರಳುಗಳ ಕಡೆಯಿಂದ ಎಳೆದುಕೊಂಡರಾಯಿತು. ಮೇಲಂಚನ್ನು ಹಿಡಿದು ಎಳೆದರೆ ಚೀಲವೂ ಹಾಳು, ಮಣಿಕಟ್ಟೂ ಹಾಳು. ಕಾಲ್ಗೆಜ್ಜೆಯನ್ನು ಬಿಚ್ಚಿಡಿ. ಏಪ್ರಿಲ್‌ನ ಮೈಸೂರಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಇದು ಹಿಂಸೆಯೇ. ಆ ಹೊತ್ತಿನಲ್ಲಿ ಅದನ್ನು ಬಿಚ್ಚಿ, ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕಿಟ್ಟು ಮಲಗುತ್ತೇನೆ. ಎರಡು ಜೊತೆ ಇರಲಿ, ಕೈಯಲ್ಲಿ ಒಗೆದು ನೆರಳಿನಲ್ಲಿ ಒಣಗಿಸಿ. ಸುಮಾರು ಆರು ತಿಂಗಳಿಗೆ ಬಿಗಿ ಸಡಿಲವಾಗುತ್ತದೆ, ಬದಲಿಸಬೇಕು. ಖರ್ಚು ಹೆಚ್ಚು, ನಿಜ.

ತೊಡೆಯವರೆಗಿನದು ಮೊಣಕಾಲಿನ ಹಿಂದೆ ಮಡಿಚಿಕೊಂಡಿತು, ಸೀರೆಯೊಳಗೆ ಬೆವರಿ ಜಾರಿತು. ಅಷ್ಟು ಸಾಕು ಅದರ ಬಗ್ಗೆ.

ವೆಲ್ಕ್ರೊ ಪಟ್ಟಿಯನ್ನು ನಾನು ಕೊಂಡು ಬಳಸಿ, ಆಮೇಲೆ ಮಂಡ್ಯದ ನಮ್ಮ ಅತ್ತಿಗೆಗೆ ಅವರದೇ ಅಳತೆಯದನ್ನು ತರಿಸಿಕೊಟ್ಟೆ. ಹಿಗ್ಗದ ಗಟ್ಟಿ ಬಟ್ಟೆಯ ಹೊದಿಕೆ, ಅದರ ಮೇಲೆ ಒಂದರ ಮೇಲೊಂದು ಬರುವ ಪಟ್ಟಿಗಳು. ಕೆಳಗಿನಿಂದ ಒಂದೊಂದೇ ಎಳೆದು ಅಂಟಿಸುತ್ತ ಬರಬೇಕು. ಹಿಗ್ಗದ ಬಟ್ಟೆಯಾದ್ದರಿಂದ ಮಲಗಿದಾಗ ಒತ್ತಡ ಕಡಿಮೆ, ನಡೆದಾಗ ಸ್ನಾಯು ಉಬ್ಬಿ ಅದಕ್ಕೆ ಒತ್ತಿಕೊಂಡು ಒತ್ತಡ ಏರುತ್ತದೆ. ಬಾವು ಇಳಿದಂತೆ ಪಟ್ಟಿಯನ್ನು ಮತ್ತೆ ಬಿಗಿ ಮಾಡಿಕೊಳ್ಳಬಹುದು. ಚೀಲದಲ್ಲಿ ಈ ಸೌಕರ್ಯವಿಲ್ಲ. ಅತ್ತಿಗೆಗೆ ಕೈಗೆಣ್ಣುಗಳ ಸಂಧಿವಾತ, ಮನೆಯಲ್ಲಿ ಒಬ್ಬರೇ. ಚೀಲ ಏರಿಸಲಾಗದೆ ಕಪಾಟಿನಲ್ಲಿಟ್ಟಿದ್ದವರು ಈಗ ದಿನವೂ ಪಟ್ಟಿ ಕಟ್ಟುತ್ತಾರೆ. “ಇದನ್ನು ಯಾರ ಹಂಗಿಲ್ಲದೆ ಕಟ್ಟಿಕೊಳ್ಳಬಹುದು ಕಣಮ್ಮ” ಎಂದು ಫೋನಿನಲ್ಲಿ ಹೇಳಿದ ಅವರ ದನಿ ನನಗೆ ಎಲ್ಲ ಅಂಕಿಗಳಿಗಿಂತ ದೊಡ್ಡ ಸಾಕ್ಷಿ. ಕೊರತೆಗಳೂ ಇವೆ: ಬೆಲೆ ಹೆಚ್ಚು, ದಪ್ಪ, ಸೀರೆಯ ನೆರಿಗೆಯ ಅಂಚಿಗೆ ವೆಲ್ಕ್ರೊ ಕಚ್ಚಿಕೊಳ್ಳುತ್ತದೆ, ಮೈಸೂರಿನಲ್ಲಿ ಕೇಳಿದ ಕಡೆಯೆಲ್ಲ ಸಿಗಲಿಲ್ಲ. ಅಷ್ಟು ದುಡ್ಡು ಹಾಕಲಾಗದವರು ಕಡಿಮೆ ಬಿಗಿಯ ಎರಡು ಚೀಲಗಳನ್ನು ಒಂದರ ಮೇಲೊಂದು ತೊಡಬಹುದೇ ಎಂದು ವೈದ್ಯರನ್ನು ಕೇಳಿ. ಒತ್ತಡ ಕೂಡಿಕೊಳ್ಳುತ್ತದೆ, ಏರಿಸುವ ಶ್ರಮ ಕಡಿಮೆ.

ಇವುಗಳಲ್ಲಿ ಯಾವುದನ್ನೇ ತೊಟ್ಟರೂ ಕುರ್ಚಿಯಲ್ಲಿ ಕುಳಿತಿದ್ದರೆ ಅರ್ಧ ಫಲ ಮಾತ್ರ. ಮೀನಖಂಡ ಬೀದಿಯ ಕೈಪಂಪಿನಂತೆ. ಅದರ ಹಿಡಿ ಎಂದರೆ ಹರಡಿನ ಕೀಲು. ಕಾಲು ನೋಯುತ್ತದೆ ಎಂದು ವಯಸ್ಸಾದವರು ನಡೆಯುವುದನ್ನು ಕಡಿಮೆ ಮಾಡುತ್ತಾರೆ, ಪಾದ ಎಳೆದುಕೊಂಡು ಓಡಾಡುತ್ತಾರೆ, ಕೀಲು ಬಿಗಿದುಕೊಳ್ಳುತ್ತದೆ, ಸ್ನಾಯು ಕರಗುತ್ತದೆ, ರಕ್ತ ಇನ್ನಷ್ಟು ಕೆಳಗೆ ನಿಲ್ಲುತ್ತದೆ. ಈ ಸುಳಿಗೆ ಸಿಕ್ಕಿದವರನ್ನು ನಮ್ಮ ಬೀದಿಯಲ್ಲೇ ನೋಡುತ್ತಿದ್ದೇನೆ, ನೋಡಿ ಸಂಕಟವಾಗುತ್ತದೆ.

ನಡಿಗೆಗೆ ಮೈಸೂರಿನಲ್ಲಿ ಎರಡು ಜಾಗಗಳನ್ನು ಹೋಲಿಸಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಮೀನಖಂಡಕ್ಕೆ ಒಳ್ಳೆಯ ಕೆಲಸ, ಇಳಿಯುವಾಗ ಮೊಣಕಾಲಿನ ಮೇಲೆ ಪೂರಾ ಭಾರ. ನನ್ನ ವಯಸ್ಸಿನವರಿಗೆ ನಾನು ಹೇಳುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ದಾರಿ ಬಲುಮಟ್ಟಿಗೆ ಸಮತಟ್ಟು, ಮರದ ನೆರಳು, ದಣಿದರೆ ಕೂರಲು ಜಾಗ. ಹಿಮ್ಮಡಿ ಊರಿ, ಬೆರಳಿನಿಂದ ನೆಲ ತಳ್ಳಿ, ಪೂರ್ತಿ ಹೆಜ್ಜೆ ಹಾಕುವುದನ್ನು ನಾನು ಮತ್ತೆ ರೂಢಿಸಿಕೊಂಡದ್ದು ಅಲ್ಲೇ. ಮಳೆಯ ದಿನ ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಕುಳಿತಲ್ಲೇ ಪಾದವನ್ನು ಮೇಲಕ್ಕೂ ಕೆಳಕ್ಕೂ ಬಗ್ಗಿಸುವುದು. ಆಷಾಢ ಶುಕ್ರವಾರದ ಸಾಲಿನಲ್ಲಿ ಅಲುಗಾಡದೆ ನಿಲ್ಲುವುದು ಈ ಕಾಲಿಗೆ ಎಲ್ಲಕ್ಕಿಂತ ಕೆಟ್ಟದ್ದು. ನಿಲ್ಲಲೇಬೇಕಾದರೆ ನಿಂತಲ್ಲೇ ಹಿಮ್ಮಡಿ ಎತ್ತುತ್ತಿರಿ.

ಎಲ್ಲ ಬಾವೂ ನರದ್ದಲ್ಲ. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಮಾತ್ರೆಯಿಂದಲೂ ಪಾದ ಊದಬಹುದು, ಹೃದಯ, ಮೂತ್ರಪಿಂಡಗಳ ತೊಂದರೆಯಿಂದಲೂ. ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಚೀಲ ಹುಡುಕುತ್ತ ಕೂರದೆ ಆ ದಿನವೇ ಆಸ್ಪತ್ರೆಗೆ ಹೋಗಿ.

ಮೇಲ್ಪದರದ ನಾಳಗಳಷ್ಟೇ ಕೆಟ್ಟಿರುವವರು, ಅದರಲ್ಲೂ ಹುಣ್ಣಾದವರು, ‘ಬ್ಯಾಂಡೇಜ್ ಸಾಕು’ ಎಂಬ ಮಾತಿಗೆ ಸುಮ್ಮನಾಗಬಾರದು. 2018ರಲ್ಲಿ ಪ್ರಕಟವಾದ, 450 ರೋಗಿಗಳ ಬ್ರಿಟನ್ನಿನ ಅಧ್ಯಯನದಲ್ಲಿ ಎಲ್ಲರಿಗೂ ಬಿಗಿ ಹೊದಿಕೆ ಇತ್ತು. ಕೆಟ್ಟ ನಾಳವನ್ನು ಬೇಗನೆ ಮುಚ್ಚಿಸಿಕೊಂಡವರ ಹುಣ್ಣು, ಕಾದವರದಕ್ಕಿಂತ ಬೇಗ ಮಾಯಿತು. ಡಾಪ್ಲರ್ ವರದಿ ಕೈಗೆ ಬಂದಾಗ ಕೆಟ್ಟಿರುವುದು ಮೇಲಿನ ನಾಳವೋ ಆಳದ್ದೋ ಎಂದು ಕೇಳಿ, ಉತ್ತರವನ್ನು ವರದಿಯ ಮೇಲೆಯೇ ಬರೆಸಿಕೊಳ್ಳಿ.