ನವನಗರದ ಮನೆ ಆರೈಕೆ ಸೇವೆ: ಮೆಚ್ಚುಗೆಯೂ ಒಂದು ತಕರಾರೂ

ಲಕ್ವಾ ಹೊಡೆದು ಹಾಸಿಗೆ ಹಿಡಿದಿರುವ, ಮಕ್ಕಳಿಲ್ಲದ ನಮ್ಮ ಕಾಕಾ ಅವರಿಗಾಗಿ ಬಾಗಲಕೋಟೆ ನವನಗರದ ಒಂದು ಏಜೆನ್ಸಿಯಿಂದ ಹಗಲು ಪಾಳಿಯ ಆರೈಕೆಯವನನ್ನು ಗೊತ್ತುಮಾಡಿಕೊಂಡಿದ್ದೇವೆ. ಹನ್ನೆರಡು ತಾಸಿಗೆ ತಿಂಗಳಿಗೆ 16,000 ರೂಪಾಯಿ. ಊಟ, ಚಹಾ ನಮ್ಮದು. ತಕರಾರೂ ಇರುವುದರಿಂದ ಏಜೆನ್ಸಿಯ ಹೆಸರನ್ನು ಬರೆಯುವುದಿಲ್ಲ.

ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಹಿಮ್ಮಡಿ ಮತ್ತು ಸೊಂಟದ ಚರ್ಮ ಕೆಂಪಾಗಿದೆಯೇ ಎಂದು ನೋಡುವುದು, ಮೂಗಿನ ನಳಿಕೆಯಲ್ಲಿ ಗಂಜಿ ಹಾಕುವಾಗ ತಲೆಯ ಭಾಗವನ್ನು ಎತ್ತರಿಸಿ, ಆಮೇಲೂ ಅರ್ಧ ತಾಸು ಹಾಗೆಯೇ ಬಿಡುವುದು, ಇವನ್ನೆಲ್ಲ ನಿತ್ಯ ಬರುವ ಹುಡುಗ ಹೇಳಿಸಿಕೊಳ್ಳದೆ ಮಾಡುತ್ತಾನೆ. ಅದಕ್ಕಿಂತಲೂ ಉಪಯೋಗಕ್ಕೆ ಬಂದದ್ದು ಅವನು ಬರೆದಿಡುವ ದಿನವಹಿ. ಯಾವ ಹೊತ್ತಿಗೆ ಯಾವ ಮಗ್ಗಲು, ಎಷ್ಟು ಗಂಜಿ, ಎಷ್ಟು ಮೂತ್ರ, ಬಿಪಿ ಎಷ್ಟು ಎಂದು ಬರೆಯುತ್ತ ಹೋದರೆ ದಿನಕ್ಕೊಂದು ಪುಟ ತುಂಬುತ್ತದೆ. ಇಷ್ಟನ್ನೂ ಮೊದಲು ಒಬ್ಬರೇ ಮಾಡುತ್ತಿದ್ದವರು ನಮ್ಮ ವೈನಿ (ಅತ್ತಿಗೆ). ‘ನನಗ ಸಾಕಾಗೇತಿ’ ಎಂದು ಅವರು ಒಮ್ಮೆ ಅಂದದ್ದನ್ನೇ ಹಿಡಿದುಕೊಂಡು ಪರ ಊರಿನಲ್ಲಿದ್ದ ನನ್ನ ತಮ್ಮಂದಿರಿಬ್ಬರೂ ಅವರೊಡನೆ ಮಾತು ಬಿಟ್ಟಿದ್ದರು. ಆ ಪುಟಗಳನ್ನು ತಿರುವಿ ಹಾಕಿದ ಮೇಲೆ ಕಿರಿಯವನು ಈಗ ಶನಿವಾರ ಬಂದು ರಾತ್ರಿ ತಾನೇ ಕೂಡುತ್ತಾನೆ. ಇನ್ನೊಬ್ಬನಿಗೆ ಮಾತ್ರ ಏಜೆನ್ಸಿ ಬಂದದ್ದೇ ಬರದಿರಲು ನೆಪವಾಯಿತು. ಹಣ ತಪ್ಪದೆ ಕಳಿಸುತ್ತಾನೆ, ಫೋನು ಮಾಡುವುದಿಲ್ಲ.

ಖರ್ಚಿನ ಪಾಲಿನ ಜಗಳವೂ ಆಯಿತು. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ ಪ್ರಕಾರ, ಮಕ್ಕಳಿಲ್ಲದವರ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರು ತಮಗೆ ಬರುವ ಪಾಲಿಗೆ ತಕ್ಕಂತೆ ಅವರ ಪೋಷಣೆಯ ವೆಚ್ಚವನ್ನು ಭರಿಸಬೇಕು. ಈ ಕಾಯ್ದೆಯ ಅರ್ಜಿಗಳನ್ನು ಕೇಳುವ ಉಪವಿಭಾಗಾಧಿಕಾರಿಯವರ ತನಕ ಹೋಗದೆ ಅದೇ ಲೆಕ್ಕವನ್ನು ನಾವು ಒಪ್ಪಿಕೊಂಡೆವು. (ಕಾಕಾ ಅವರ ಹೊಲದ ಉತಾರ, ಅಂದರೆ ಪಹಣಿ, ಎಲ್ಲಿದೆ ಎಂಬುದು ಮಾತ್ರ ಎಲ್ಲರಿಗೂ ಮೊದಲೇ ಗೊತ್ತಿತ್ತು.)

ತಕರಾರು ಬದಲಿ ಸಿಬ್ಬಂದಿಯದು. ಹುಡುಗ ರಜೆ ಹಾಕಿದಾಗ ಬಂದವನು ಕಾಕಾ ಅವರನ್ನು ಅಂಗಾತ ಮಲಗಿಸಿಯೇ ಗಂಜಿ ಹಾಕಲು ಹೋದ. ಗಂಜಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ವೈನಿ ನೋಡಿ ತಡೆದರು. ಏಜೆನ್ಸಿಯವರಿಗೆ ಹೇಳಿದರೆ ಅವನನ್ನು ಬದಲಿಸಿದರೇ ಹೊರತು ಕಲಿಸಿದ ಹಾಗೆ ಕಾಣಲಿಲ್ಲ. ಈ ಸೇವೆಯನ್ನು ಪಡೆಯುವವರು ಮುಂಗಡ ಕೊಡುವ ಮೊದಲೇ ಬದಲಿಗೆ ಯಾರು ಬರುತ್ತಾರೆ, ನಳಿಕೆಯಲ್ಲಿ ಊಟ ಕೊಟ್ಟು ಅವರಿಗೆ ರೂಢಿಯಿದೆಯೇ ಎಂದು ಕೇಳಿ, ಬರೆಸಿಕೊಳ್ಳಬೇಕು.