ಟ್ಯೂಬ್ ಆಂಪ್ಲಿಫೈಯರಿಗೆ ಬಯಾಸ್ ಹೊಂದಾಣಿಕೆ: ಒಂದು ರಿಪೇರಿ ಅಂಗಡಿಯ ಕೆಲಸ

ಬೆಂಗಳೂರಿನ ಒಂದು ಸಣ್ಣ ರಿಪೇರಿ ಅಂಗಡಿಯಲ್ಲಿ ನನ್ನ 15 ವ್ಯಾಟ್‌ನ ಗಿಟಾರ್ ಆಂಪ್ಲಿಫೈಯರಿಗೆ ಬಯಾಸ್ ಹೊಂದಿಸುವ ಟ್ರಿಮ್ ಪಾಟ್ (ತಿರುಗಿಸಿ ಬದಲಿಸಬಹುದಾದ ಪುಟ್ಟ ರೆಸಿಸ್ಟರ್) ಹಾಕಿಸಿಕೊಂಡು ಎಂಟು ತಿಂಗಳಾಯಿತು. ಟ್ಯೂಬ್ ಸುಮ್ಮನಿದ್ದಾಗ ಅದರಲ್ಲಿ ಎಷ್ಟು ವಿದ್ಯುತ್ ಹರಿಯಬೇಕೆಂದು ನಿರ್ಧರಿಸುವ ಋಣ ವೋಲ್ಟೇಜೇ ಬಯಾಸ್. ಎರಡು ಇಎಲ್84 ಟ್ಯೂಬ್‌ಗಳಿರುವ ಈ ಆಂಪ್ಲಿಫೈಯರಿನಲ್ಲಿ ಬಯಾಸ್ ವೋಲ್ಟೇಜು ಮೊದಲು ಕಾರ್ಖಾನೆಯಲ್ಲಿ ಕೂರಿಸಿದ ಒಂದು ರೆಸಿಸ್ಟರಿನಿಂದಲೇ ನಿರ್ಧಾರವಾಗಿತ್ತು. ಯಾವ ಟ್ಯೂಬ್ ಹಾಕಿದರೂ ಅಷ್ಟೇ. ನನ್ನಲ್ಲಂತೂ ಟ್ಯೂಬ್‌ಗಳು ವರ್ಷ ತುಂಬುವ ಮೊದಲೇ ಸೊರಗುತ್ತಿದ್ದವು.

ಕಾರಣ ಅಳತೆಯಲ್ಲಿ ತಿಳಿಯಿತು. ತಂತ್ರಜ್ಞರು ಮೊದಲು ಪ್ರತಿ ಟ್ಯೂಬಿನ ಕ್ಯಾಥೋಡಿಗೂ (ಎಲೆಕ್ಟ್ರಾನ್ ಹೊಮ್ಮುವ ತುದಿ) ಗ್ರೌಂಡಿಗೂ ನಡುವೆ 1 ಓಮ್ ರೆಸಿಸ್ಟರ್ ಬೆಸೆದರು. ಅದರ ಮೇಲೆ ಕಾಣುವ ಒಂದೊಂದು ಮಿಲಿವೋಲ್ಟೂ ಒಂದೊಂದು ಮಿಲಿಆಂಪಿಯರ್ ಎಂದು ಲೆಕ್ಕ. ಮಲ್ಟಿಮೀಟರ್ 38 ತೋರಿಸಿತು. ಅದರಲ್ಲಿ ಸ್ಕ್ರೀನಿನ (ಟ್ಯೂಬಿನೊಳಗಿನ ಒಂದು ಜಾಲರಿ) ಪಾಲೆಂದು 2 ಕಳೆದು, ಪ್ಲೇಟಿನ (ಎಲೆಕ್ಟ್ರಾನ್‌ಗಳು ಬಂದು ಸೇರುವ ಲೋಹದ ಹಾಳೆ) 340 ವೋಲ್ಟಿನಿಂದ ಗುಣಿಸಿದರೆ 12.2 ವ್ಯಾಟ್. ಇಎಲ್84ರ ಪ್ಲೇಟು ತಾಳಬಲ್ಲ ಶಾಖದ ಗರಿಷ್ಠ ಮಿತಿಯೇ 12 ವ್ಯಾಟ್ ಆಗಿರುವಾಗ, ಒಂದು ಸ್ವರವನ್ನೂ ನುಡಿಸದೆ ಸುಮ್ಮನಿದ್ದಾಗಲೇ ಅವು ಮಿತಿ ಮೀರಿ ಬೇಯುತ್ತಿದ್ದವು.

ಎಸ್.ಪಿ. ರಸ್ತೆಯಲ್ಲಿ ಟ್ರಿಮ್ ಪಾಟ್ ಐವತ್ತು ರೂಪಾಯಿಯೊಳಗೆ ಸಿಗುತ್ತದೆ; ಆದ್ದರಿಂದ ನಾವು ಹಣ ಕೊಡುವುದು ಅದನ್ನು ಜೋಡಿಸುವ ವಿವೇಕಕ್ಕೆ. ಪಾಟಿನೊಳಗಿನ ಜಾರುವ ತುದಿ ಎಂದಾದರೂ ಸಂಪರ್ಕ ಕಳೆದುಕೊಂಡು ಋಣ ವೋಲ್ಟೇಜು ಕಾಣೆಯಾದರೆ ಪ್ಲೇಟುಗಳು ಕೆಲವೇ ನಿಮಿಷಗಳಲ್ಲಿ ಕೆಂಪಗೆ ಕಾಯುತ್ತವೆ. ಇವರು ಹಾಗಾದಾಗ ಬಯಾಸ್ ಇನ್ನಷ್ಟು ಋಣವಾಗಿ ಟ್ಯೂಬ್ ತಣ್ಣಗಾಗುವಂತೆ ಜೋಡಿಸಿದ್ದಾರೆ. ಈ ಎಚ್ಚರಿಕೆಯೊಂದಕ್ಕೇ ನಾನು ಈ ಅಂಗಡಿಯನ್ನು ಮೆಚ್ಚುತ್ತೇನೆ.

ಹೊಂದಿಸುವಾಗ ನನ್ನಿಂದ ದಪ್ಪ ತಂತಿಯನ್ನು ಮೀಟಿಸಿ, "ಈಗ ಕೇಳಿ ಸಾರ್" ಎಂದು ಪಾಟನ್ನು ಬೇಕೆಂದೇ ತೀರಾ ತಣ್ಣಗಿನ ಕಡೆಗೆ ತಿರುಗಿಸಿದರು. ಸ್ವರ ಅಡಗುತ್ತ ಬಂದಂತೆ ಅದರ ಬಾಲದಲ್ಲಿ ಮರಳು ಉಜ್ಜಿದಂಥ ಕರಕರ ಕೇಳಿತು. ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ತಂದು 27 ಮಿಲಿಆಂಪಿಯರಿಗೆ ನಿಲ್ಲಿಸಿದಾಗ ಪ್ಲೇಟ್ ವೋಲ್ಟೇಜು 348ಕ್ಕೆ ಏರಿತ್ತು. ಸ್ಕ್ರೀನಿನ ಪಾಲು ಕಳೆದರೆ 8.7 ವ್ಯಾಟ್. ಮಂದ್ರ ಸ್ವರಗಳು ಈಗ ಗಟ್ಟಿಯಾಗಿ ನಿಲ್ಲುತ್ತವೆ, ವಾಲ್ಯೂಮ್ ಏರಿಸಿದರೂ ನಾದ ಬೇಗ ಒಡೆಯುವುದಿಲ್ಲ.

ಒಂದೇ ಕೊರತೆ, ಪಾಟೂ ಅಳತೆಯ ಬಿಂದುಗಳೂ ಒಳಗೇ ಉಳಿದಿವೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದಾದ್ದರಿಂದ, ಟ್ಯೂಬ್ ಬದಲಿಸಿದಾಗಲೆಲ್ಲ ನಾನು ಮತ್ತೆ ಅವರ ಬಳಿಗೇ ಹೋಗಬೇಕು. ಹಾಕಿಸುವವರು ಎರಡು ಅಳತೆ ಸಾಕೆಟ್‌ಗಳನ್ನು ಹಿಂಬದಿಯ ಚಾಸಿಸ್ ಮೇಲೆ ಕೂರಿಸಿಕೊಡುವಂತೆ ಮೊದಲೇ ಹೇಳಿಬಿಡಿ.